ಇಪ್ಪತ್ತೋ ಮೂವತ್ತೋ, ಎತ್ತುವವರು ಯಾರು?

ಪ್ರಶ್ನೆ

ನಾವಿರುವುದು ಕೊಲರಾಡೊದಲ್ಲಿ, ಡೆನ್ವರ್ ಪಕ್ಕದ ಅರೋರಾದಲ್ಲಿ. ಈ ಬೇಸಿಗೆಯಲ್ಲಿ 22 ಅಡಿಯ ಹಳೆಯ ಟ್ರಾವೆಲ್ ಟ್ರೇಲರ್ ಒಂದನ್ನು ಕೊಂಡೆವು, 2013ರ ಮಾಡೆಲ್. ಎಳೆಯುವುದಕ್ಕೆ ನಮ್ಮ ಏಳು ಸೀಟಿನ ಎಸ್‌ಯುವಿ ಇದೆ. ಹಾಸನದಿಂದ ಅತ್ತೆ ಮಾವ ಬಂದಿದ್ದಾರೆ. ಸೆಪ್ಟೆಂಬರ್ ಮೊದಲ ವಾರ ಅವರನ್ನೂ ಆರು ವರ್ಷದ ಮಗಳನ್ನೂ ಕರೆದುಕೊಂಡು ಯೆಲ್ಲೋಸ್ಟೋನಿಗೆ ಹೊರಟಿದ್ದೇವೆ. ಮ್ಯಾಡಿಸನ್ ಕ್ಯಾಂಪಿನಲ್ಲಿ ಐದು ರಾತ್ರಿ. ಅಲ್ಲಿ ಟ್ರೇಲರಿಗೆ ಕರೆಂಟಿಲ್ಲ, ನಲ್ಲಿ ಸಂಪರ್ಕವೂ ಇಲ್ಲ.

ಟ್ರೇಲರಿನ ಮುಂದೆ 20 ಪೌಂಡಿನ ಎರಡು ಪ್ರೋಪೇನ್ ಟ್ಯಾಂಕ್ ಇವೆ. ಇವು ಸಾಲುವುದಿಲ್ಲ, 30 ಪೌಂಡಿನವನ್ನು ಹಾಕಿಸೋಣ ಅಂತ ಇವರ ಹಟ. ಸ್ನೇಹಿತರೊಬ್ಬರು 40ರದ್ದೇ ಹಾಕಿಸಿ ಅಂದಿದ್ದಾರಂತೆ. ಕಳೆದ ವರ್ಷ ಇವರಿಗೆ ಬೆನ್ನಿನ ಆಪರೇಷನ್ ಆಗಿದೆ, ಭಾರ ಎತ್ತುವ ಹಾಗಿಲ್ಲ. ಅಂದರೆ ಎತ್ತುವವಳು ನಾನೇ. ಅದನ್ನು ಬಾಯಿಬಿಟ್ಟು ಹೇಳಿದರೆ ಇವರ ಮುಖ ಸಪ್ಪಗಾಗುತ್ತೆ. ಮಾವ ಬೇರೆ, "ನಮ್ಮನೇಲಿ ಒಂದು ಸಿಲಿಂಡರ್ ಒಂದೂವರೆ ತಿಂಗಳು ಬರುತ್ತೆ, ನಿಮಗೆ ಐದು ದಿನಕ್ಕೆ ಎರಡು ಸಾಲೋಲ್ವಾ?" ಅಂತ ನಗುತ್ತಾರೆ. ಅತ್ತೆಗೆ ಗ್ಯಾಸ್ ಇರುವ ಗಾಡಿಯಲ್ಲಿ ಮಲಗುವುದೇ ಭಯ. ಚಳಿಯಲ್ಲಿ ಗ್ಯಾಸ್ ಮುಗಿದು ಹಿರಿಯರು ನಡುಗುತ್ತಾ ಕೂತರೆ ಏನು ಗತಿ ಅನ್ನುವುದು ನನ್ನ ಭಯ. ಟ್ರೇಲರಿನ ಕ್ಯಾಟಲಾಗ್ ಪುಟವನ್ನೂ ಗಾಡಿಯ ವಿವರವನ್ನೂ ಜೊತೆಗೆ ಕಳಿಸಿದ್ದೇನೆ. ಏನು ಮಾಡಲಿ ಹೇಳಿ.

ಹೆಸರು ಬೇಡ, ಅರೋರಾ

ಉತ್ತರ

ಪ್ರೀತಿಯ ತಂಗಿ,

20 ಪೌಂಡಿನ ಅಳತೆಯನ್ನೇ ಇಟ್ಟುಕೊಳ್ಳಿ. ದೊಡ್ಡ ಟ್ಯಾಂಕಿಗೆಂದು ತೆಗೆದಿಟ್ಟ ದುಡ್ಡನ್ನು ಬ್ಯಾಟರಿಗೆ ಹಾಕಿ. ನಿಮ್ಮ ಮನೆಯಲ್ಲಿ ಇಷ್ಟು ದಿನ ನಡೆದಿರುವ ಚರ್ಚೆಯಲ್ಲಿ ಬ್ಯಾಟರಿಯ ಮಾತೇ ಬಂದಂತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಮಾವನವರ ಪ್ರಶ್ನೆ. ಅವರು ನಕ್ಕರೂ ಕೇಳಿದ್ದು ಸರಿಯಾದ ಪ್ರಶ್ನೆಯೇ. ಹಾಸನದ ಮನೆಯ ಕೆಂಪು ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ, ಅಂದರೆ 31 ಪೌಂಡಿಗೆ ತುಸು ಮೇಲೆ. ನಿಮ್ಮ ಯಜಮಾನರು ಬಯಸುತ್ತಿರುವ 30 ಪೌಂಡಿನ ಟ್ಯಾಂಕ್ ಹೆಚ್ಚುಕಡಿಮೆ ಅದೇ ಅಳತೆಯದು. ಆದರೆ ಹಾಸನದ ಸಿಲಿಂಡರಿಗೆ ಒಂದೇ ಕೆಲಸ, ಒಲೆ ಉರಿಸುವುದು. ಟ್ರೇಲರಿನಲ್ಲಿ ಅದೇ ಗ್ಯಾಸ್ ಒಲೆ ಉರಿಸಬೇಕು, ಸ್ನಾನಕ್ಕೆ ನೀರು ಕಾಯಿಸಬೇಕು, ಫ್ರಿಜ್ ನಡೆಸಬೇಕು, ಇಷ್ಟೂ ಸಾಲದೆಂಬಂತೆ ತೆಳು ಗೋಡೆಯ ಒಂದು ಮನೆಯನ್ನು ರಾತ್ರಿಯಿಡೀ ಬೆಚ್ಚಗಿಡಬೇಕು. ಗ್ಯಾಸನ್ನು ತಿನ್ನುವುದು ಈ ಕೊನೆಯ ಕೆಲಸ. ಅಡುಗೆಯದು ಇದರ ಮುಂದೆ ಏನೂ ಅಲ್ಲ. ಅತ್ತೆಯವರು ದಿನಕ್ಕೆ ನಾಲ್ಕು ಸಲ ಕಾಫಿ ಕಾಯಿಸಿದರೂ ಕಾಯಿಸಲಿ, ಅವರ ಕೈ ಹಿಡಿಯಬೇಡಿ.

ಇನ್ನೊಂದು ವ್ಯತ್ಯಾಸವನ್ನೂ ಮಾವನವರಿಗೆ ಹೇಳಿ, ಆಸಕ್ತಿಯಿಂದ ಕೇಳುತ್ತಾರೆ. ನಮ್ಮೂರಿನ ಸಿಲಿಂಡರಿನಲ್ಲಿರುವುದು ಪ್ರೋಪೇನ್ ಮತ್ತು ಬ್ಯೂಟೇನ್‌ಗಳ ಬೆರಕೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗಲು ಒಲ್ಲೆ ಎನ್ನುತ್ತದೆ. ಹಾಸನದಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. ನಿಮ್ಮ ಟ್ಯಾಂಕಿನಲ್ಲಿರುವುದು ಬಹುಪಾಲು ಪ್ರೋಪೇನ್. ಅದು ಕುದಿಯುವುದು ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ಸೆಪ್ಟೆಂಬರಿನ ಯೆಲ್ಲೋಸ್ಟೋನ್ ಚಳಿಗೆ ಅದು ಜಗ್ಗುವುದಿಲ್ಲ.

ಈಗ ಲೆಕ್ಕ. ನೀವು ಕಳಿಸಿದ ಪುಟದಲ್ಲಿ ಫರ್ನೇಸ್ ಗಂಟೆಗೆ 20,000 ಬಿಟಿಯು ಶಾಖದ್ದು ಎಂದಿದೆ. ಒಂದು ಪೌಂಡ್ ಪ್ರೋಪೇನಿನಲ್ಲಿ ಸುಮಾರು 21,600 ಬಿಟಿಯು ಶಾಖ ಇರುತ್ತದೆ. ಅಂದರೆ ಫರ್ನೇಸ್ ಎಡೆಬಿಡದೆ ಒಂದು ಗಂಟೆ ಉರಿದರೆ ಒಂದು ಪೌಂಡ್ ಗ್ಯಾಸ್ ಖರ್ಚು ಎಂದು ಇಟ್ಟುಕೊಳ್ಳಿ. ಮ್ಯಾಡಿಸನ್ ಇರುವುದು 6,800 ಅಡಿ ಎತ್ತರದಲ್ಲಿ. ಸೆಪ್ಟೆಂಬರಿನಲ್ಲಿ ಅಲ್ಲಿ ಹಗಲು ಹಿತವಾಗಿರುತ್ತದೆ, ರಾತ್ರಿ ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಸಂಜೆ ಏಳರಿಂದ ಬೆಳಗಿನ ಎಂಟರವರೆಗೆ ಹದಿಮೂರು ಗಂಟೆ. ಅದರಲ್ಲಿ ಅರ್ಧ ಹೊತ್ತು ಫರ್ನೇಸ್ ಉರಿಯುತ್ತದೆ ಎಂದರೂ ರಾತ್ರಿಗೆ ಆರು ಆರೂವರೆ ಪೌಂಡ್. ಫ್ರಿಜ್ಜಿಗೆ ದಿನಕ್ಕೆ ಒಂದೂವರೆ ಪೌಂಡ್. ಅಡುಗೆ, ಕಾಫಿ, ಬಿಸಿನೀರು ಎಲ್ಲ ಸೇರಿ ಇನ್ನೊಂದು ಒಂದೂವರೆ ಇರಲಿ. ದಿನಕ್ಕೆ ಸುಮಾರು 9 ಪೌಂಡ್ ಆಯಿತು. ಐದು ದಿನಕ್ಕೆ 45.

ನಿಮ್ಮಲ್ಲಿರುವುದು 40. ಹಾಗಾಗಿ ನಿಮ್ಮ ಯಜಮಾನರು ಸಾಲುವುದಿಲ್ಲ ಎಂದದ್ದು ಸರಿ. ಅದನ್ನು ಅವರಿಗೆ ಮೊದಲೇ ಒಪ್ಪಿಕೊಂಡುಬಿಡಿ, ಮುಂದಿನ ಮಾತು ಸುಲಭವಾಗುತ್ತದೆ. ಆದರೆ ಕೊರತೆ 5 ಪೌಂಡಿನದು, ಅದೂ ಪ್ರವಾಸದ ಕೊನೆಯ ದಿನ. ಅದನ್ನು ತುಂಬಲು ಒಂದು ಟ್ಯಾಂಕನ್ನು ಒಂದು ಸಲ ಹೊರಗೆ ಒಯ್ದರೆ ಸಾಕು. ಮ್ಯಾಡಿಸನ್‌ನಿಂದ 14 ಮೈಲಿ ಪಶ್ಚಿಮಕ್ಕೆ ಹೋದರೆ ಪಾರ್ಕಿನ ಬಾಗಿಲು, ಬಾಗಿಲಾಚೆಗೆ ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್ ಊರು. ಪೆಟ್ರೋಲು, ದಿನಸಿ, ಪ್ರೋಪೇನ್ ಎಲ್ಲಕ್ಕೂ ಜನ ಅಲ್ಲಿಗೇ ಹೋಗುತ್ತಾರೆ. ಹಾಲು ಮೊಸರಿಗೆಂದು ನೀವೂ ಹೇಗಿದ್ದರೂ ಒಮ್ಮೆ ಹೋಗಲೇಬೇಕು. ಗ್ಯಾಸ್ ತುಂಬುವ ಹೊತ್ತನ್ನು ಮಾತ್ರ ಫೋನಿನಲ್ಲಿ ಕೇಳಿಕೊಂಡು ಹೊರಡಿ.

30ರ ಟ್ಯಾಂಕಿನಿಂದ ಆ ಒಂದು ಓಡಾಟ ತಪ್ಪುತ್ತದೆ, ನಿಜ. ಅದಕ್ಕೆ ಕೊಡುವ ಬೆಲೆ ನೋಡಿ. ತುಂಬಿದ 20 ಪೌಂಡಿನ ಟ್ಯಾಂಕ್ ಕಬ್ಬಿಣದ ತೂಕವೂ ಸೇರಿ 37 ಪೌಂಡ್, ಅಂದರೆ 17 ಕೆಜಿ. ತುಂಬಿದ 30ರದ್ದು 54-55 ಪೌಂಡ್, 25 ಕೆಜಿ. 40ರದ್ದು 70 ಪೌಂಡ್ ಮುಟ್ಟುತ್ತದೆ, 32 ಕೆಜಿ. ಆ ಸ್ನೇಹಿತರು ಅದನ್ನು ಯಾವತ್ತಾದರೂ ಸ್ವತಃ ಎತ್ತಿ ಟ್ರೇಲರಿನ ಮೂತಿಯ ಮೇಲೆ ಕೂರಿಸಿದ್ದಾರೋ ಇಲ್ಲವೋ, ನನಗಂತೂ ಅನುಮಾನ. ನಿಮ್ಮ ಗಾತ್ರದ ಟ್ರೇಲರಿನಲ್ಲಿ ಅದನ್ನು ಕೂರಿಸುವ ತಟ್ಟೆಯೇ ಇರುವುದಿಲ್ಲ. ಆ ಮಾತನ್ನು ಇಲ್ಲಿಗೇ ಬಿಡೋಣ.

17 ಕೆಜಿಗೂ 25 ಕೆಜಿಗೂ ಇರುವ ಅಂತರ ಕಾಗದದ ಮೇಲೆ ಎಂಟೇ ಕೆಜಿ. ಆದರೆ ಟ್ಯಾಂಕನ್ನು ಎದೆಗಾನಿಸಿಕೊಂಡು ಎತ್ತಲು ಬರುವುದಿಲ್ಲ. ಮೇಲಿನ ಬಳೆಯನ್ನು ಹಿಡಿದು, ಕೈ ಮುಂದೆ ಚಾಚಿ, ಟ್ರೇಲರಿನ ಕಬ್ಬಿಣದ ಚೌಕಟ್ಟನ್ನು ದಾಟಿಸಿ, ತಟ್ಟೆಯಲ್ಲಿ ಸರಿಯಾಗಿ ಕೂರಿಸಬೇಕು. ಸೊಂಟ ಹಿಡಿಯುವುದು ಇಂಥ ಭಂಗಿಯಲ್ಲೇ. ಮನೆಯಲ್ಲಿ ಈಗಾಗಲೇ ಒಬ್ಬರ ಬೆನ್ನು ಕತ್ತರಿ ಕಂಡಿದೆ. 30ರ ಟ್ಯಾಂಕ್ 20ರದಕ್ಕಿಂತ ಸುಮಾರು ಅರ್ಧ ಅಡಿ ಎತ್ತರ ಕೂಡ. ಹಾಗಾಗಿ ಈಗಿರುವ ಪ್ಲಾಸ್ಟಿಕ್ ಮುಚ್ಚಳ ಅದಕ್ಕೆ ಕೂರುವುದಿಲ್ಲ, ಟ್ಯಾಂಕುಗಳನ್ನು ಬಿಗಿಯುವ ನಡುವಿನ ಸರಳನ್ನೂ ಬದಲಿಸಬೇಕು. ತಿರುವಿನಲ್ಲಿ ಎಸ್‌ಯುವಿಯ ಹಿಂಬಾಗಿಲು ತಗಲುತ್ತದೆಯೇ ಎಂದು ನೋಡಬೇಕು. ಟ್ಯಾಂಕ್ ಕೊಂಡರೆ ಕೆಲಸ ಮುಗಿಯಿತು ಎಂದುಕೊಂಡವರ ಶನಿವಾರ ಭಾನುವಾರಗಳೆಲ್ಲ ಹೋಗುವುದು ಇಂಥವಕ್ಕೇ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದ್ದು ನೀವು ಕಳಿಸಿದ ಪುಟದ ಇನ್ನೊಂದು ಅಂಕಿ. ಟ್ರೇಲರಿನ ಹಿಚ್ ತೂಕ, ಅಂದರೆ ಅದರ ಮೂತಿ ಗಾಡಿಯ ಕೊಂಡಿಯ ಮೇಲೆ ಹಾಕುವ ಭಾರ, 360 ಪೌಂಡ್ ಎಂದಿದೆ. ನಿಮ್ಮ ಎಸ್‌ಯುವಿಯ ಹಿಚ್ ತಡೆಯುವ ಮಿತಿ 500. ನೂರನಲವತ್ತು ಪೌಂಡ್ ಜಾಗ ಉಳಿದಿದೆಯಲ್ಲ ಎಂದು ಕಾಣುತ್ತದೆ. ಕ್ಯಾಟಲಾಗಿನ ತೂಕ ಎಂದರೆ ಸಾಮಾನ್ಯವಾಗಿ ಗ್ಯಾಸ್ ತುಂಬದ, ಬ್ಯಾಟರಿ ಕೂರಿಸದ ಬರಿಯ ಟ್ರೇಲರಿನ ತೂಕ. ತುಂಬಿದ ಎರಡು 20ರ ಟ್ಯಾಂಕುಗಳಿಗೆ 74 ಪೌಂಡ್, ಬ್ಯಾಟರಿಗೆ ಸುಮಾರು 50 ಸೇರಿಸಿ. 484 ಆಯಿತು. ಅದೇ ಜಾಗದಲ್ಲಿ ಎರಡು 30ರ ಟ್ಯಾಂಕ್ ಇಟ್ಟರೆ 520. ಟ್ಯಾಂಕುಗಳು ಕೂರುವುದು ಹಿಚ್ಚಿನ ಬೆನ್ನಿಗೇ ಆದ್ದರಿಂದ ಅವುಗಳ ಭಾರ ಹೆಚ್ಚುಕಡಿಮೆ ಪೂರ್ತಿ ಅದರ ಮೇಲೇ ಬೀಳುತ್ತದೆ. ಗಾಡಿಯ ಮಿತಿಯನ್ನು ನೀವು ಮನೆಯಂಗಳದಲ್ಲೇ ದಾಟಿದಂತಾಯಿತು.

ಮಾವನವರು ಎತ್ತಿನಗಾಡಿ ಹೇರಿದವರಾದರೆ ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರ ಅತಿಯಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರಿಗೂ ಇದೇ ನ್ಯಾಯ. ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಹಿಚ್ಚಿನ ಮೇಲೆ ಇರಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಅತ್ತಿತ್ತ ಓಲಾಡುತ್ತದೆ, ವಯೋಮಿಂಗಿನ ಅಡ್ಡಗಾಳಿಯಲ್ಲಂತೂ ಅದನ್ನು ಹಿಡಿಯುವುದು ಕಷ್ಟ. ಹೆಚ್ಚಾದರೆ ಎಸ್‌ಯುವಿಯ ಹಿಂಬದಿ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ, ಬ್ರೇಕು ಸ್ಟಿಯರಿಂಗು ಎರಡೂ ಹದ ತಪ್ಪುತ್ತವೆ. ನಿಮ್ಮ ಟ್ರೇಲರ್ ಸಾಮಾನು ತುಂಬಿ 4,000 ಪೌಂಡ್ ಆಗುತ್ತದೆ ಎಂದುಕೊಂಡರೆ 484 ಎನ್ನುವುದು ಶೇಕಡಾ 12, ಒಳ್ಳೆಯ ಹದ. ಇರುವುದನ್ನು ಕೆಡಿಸಬೇಡಿ. ಹಿಚ್ಚಿನ ಈ ಭಾರವೂ ಐದು ಜನರ ತೂಕವೂ ಸೇರಿ ಎಸ್‌ಯುವಿ ಹೊರಬಹುದಾದ ಒಟ್ಟು ಹೊರೆಯೊಳಗೆ ಬರಬೇಕು ಎನ್ನುವುದು ನೆನಪಿರಲಿ. ಆ ಅಂಕಿ ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿದೆ. ಹೊರಡುವ ದಿನ ಎಲ್ಲರೂ ಕೂತು, ಎಲ್ಲ ತುಂಬಿಕೊಂಡು, ಟ್ರಕ್‌ಸ್ಟಾಪಿನ ಕ್ಯಾಟ್ ತೂಕದ ಕಟ್ಟೆಯ ಮೇಲೆ ಒಮ್ಮೆ ಗಾಡಿ ನಿಲ್ಲಿಸಿ. ದೊಡ್ಡ ಖರ್ಚಿನ ಕೆಲಸವಲ್ಲ.

ಈಗ ಬ್ಯಾಟರಿ. ನಿಮ್ಮ ಭಯ ಗ್ಯಾಸ್ ಮುಗಿಯುವುದರದು. ಟ್ಯಾಂಕ್ ತುಂಬಿ ತುಳುಕುತ್ತಿದ್ದರೂ ಫರ್ನೇಸ್ ಆರಿಹೋಗಬಹುದು ಎಂದು ಯಾರಾದರೂ ನಿಮಗೆ ಹೇಳಿದ್ದಾರೆಯೇ? ಫರ್ನೇಸಿನ ಬಿಸಿಗಾಳಿಯನ್ನು ಒಳಗೆ ತಳ್ಳುವುದು ಒಂದು ಫ್ಯಾನ್, ಅದು ನಡೆಯುವುದು 12 ವೋಲ್ಟ್ ಬ್ಯಾಟರಿಯಿಂದ. ನಿಮ್ಮ ಅಳತೆಯ ಫರ್ನೇಸಿನ ಫ್ಯಾನ್ ಮೂರರಿಂದ ನಾಲ್ಕು ಆಂಪ್ ಎಳೆಯುತ್ತದೆ. ಆರೂವರೆ ಗಂಟೆ ತಿರುಗಿದರೆ 20ರಿಂದ 25 ಆಂಪ್-ಅವರ್. ದೀಪ, ನೀರಿನ ಪಂಪು, ಫ್ರಿಜ್ಜಿನ ಸರ್ಕ್ಯೂಟು, ಗ್ಯಾಸ್ ಅಲಾರಂ ಎಲ್ಲ ಕೂಡಿ ಇನ್ನೊಂದು ಹತ್ತು ಹದಿನೈದು. ರಾತ್ರಿಗೆ 35-40 ಆಯಿತು. ಟ್ರೇಲರಿನಲ್ಲಿ ಸಾಮಾನ್ಯವಾಗಿ ಇರುವ ಒಂಟಿ ಲೆಡ್-ಆಸಿಡ್ ಬ್ಯಾಟರಿ 80 ಆಂಪ್-ಅವರಿನದು, ಅದು ಹಾಳಾಗದಂತೆ ಬಳಸಬಹುದಾದದ್ದು ಅರ್ಧ ಮಾತ್ರ. ಚಳಿಯಲ್ಲಿ ಅದೂ ಕಡಿಮೆ. ಹಳೆಯ ಬ್ಯಾಟರಿಯಾದರೆ ಕೇಳುವುದೇ ಬೇಡ.

ಅಂದರೆ ಮೊದಲ ರಾತ್ರಿ ಹೇಗೋ ಕಳೆಯುತ್ತದೆ. ಹಗಲು ಚಾರ್ಜ್ ಮಾಡದಿದ್ದರೆ ಎರಡನೆಯ ರಾತ್ರಿ ಎರಡು ಗಂಟೆಗೋ ಮೂರಕ್ಕೋ ಫ್ಯಾನ್ ನಿಧಾನವಾಗಿ ಫರ್ನೇಸ್ ತಾನಾಗಿ ಬಂದ್ ಆಗುತ್ತದೆ. ನೀವು ಹೊರಗೆ ಬಂದು ಟಾರ್ಚ್ ಹಾಕಿ ನೋಡಿದರೆ ಗ್ಯಾಸ್ ಬೇಕಾದಷ್ಟು ಇರುತ್ತದೆ. ಹೊಸದಾಗಿ ಟ್ರೇಲರ್ ಕೊಂಡ ಬಹಳ ಜನ ಮುಗ್ಗರಿಸುವುದು ಇಲ್ಲೇ. ಜನರೇಟರ್ ಹಾಕಿಬಿಡೋಣ ಎಂದರೆ ಮ್ಯಾಡಿಸನ್ ಕ್ಯಾಂಪಿನಲ್ಲಿ ಅದಕ್ಕೆ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮಾತ್ರ ಅನುಮತಿ.

ಹಾಗಾಗಿ ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ. 100 ಆಂಪ್-ಅವರಿನ ಲಿಥಿಯಂ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಅಷ್ಟನ್ನೂ ಬಳಸಬಹುದು. ಎರಡು ರಾತ್ರಿ ನಿಶ್ಚಿಂತೆ. ತೂಕ 25-30 ಪೌಂಡ್, ಈಗಿರುವುದಕ್ಕಿಂತ ಹಗುರ. ಹಿಚ್ಚಿಗೂ ಅಷ್ಟರಮಟ್ಟಿಗೆ ವಿರಾಮ. ಟ್ರೇಲರಿನ ಹಳೆಯ ಚಾರ್ಜರ್ ಲಿಥಿಯಮ್ಮಿಗೆ ಒಗ್ಗುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿಯೇ ಕೊಳ್ಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಚಳಿಯಲ್ಲಿ ಚಾರ್ಜಿಂಗನ್ನು ತಾನೇ ತಡೆಯುವ ಬಗೆಯದನ್ನೇ ಆರಿಸಿ. ಬೆಲೆ ಹೆಚ್ಚು ಎನಿಸಿದರೆ ಹೊಸ ಲೆಡ್-ಆಸಿಡ್ ಬ್ಯಾಟರಿ ಹಾಕಿಸಿ, ಸದ್ದು ಕಡಿಮೆಯಿರುವ ಸಣ್ಣ ಜನರೇಟರ್ ಒಂದನ್ನು ಬಾಡಿಗೆಗೆ ತಂದು ಹಗಲು ಮೂರ್ನಾಲ್ಕು ಗಂಟೆ ಓಡಿಸಿ.

ಈಗಿರುವ ಟ್ಯಾಂಕುಗಳ ಬಗ್ಗೆ ಒಂದು ಮಾತು. ಟ್ರೇಲರ್ 2013ರದು ಎಂದಿರಿ. ಟ್ಯಾಂಕುಗಳೂ ಆಗಿನವೇ ಆಗಿದ್ದರೆ ಅವುಗಳ ಅವಧಿ ಮುಗಿದಿದೆ. ಹಿಡಿಕೆಯ ಬಳೆಯ ಮೇಲೆ ತಿಂಗಳು ವರ್ಷ ಒತ್ತಿರುತ್ತಾರೆ, ಮಸಿ ಒರೆಸಿ ನೋಡಿ. ಸಾಮಾನ್ಯವಾಗಿ 12 ವರ್ಷ ದಾಟಿದ ಸಿಲಿಂಡರನ್ನು ಪರೀಕ್ಷೆ ಮಾಡಿಸಿ ಮುದ್ರೆ ಒತ್ತಿಸದೆ ಯಾರೂ ತುಂಬಿಕೊಡುವುದಿಲ್ಲ, ತುಂಬಲೂಬಾರದು. ಪರೀಕ್ಷೆಗೆ ಅಲೆಯುವುದಕ್ಕಿಂತ ಸುಲಭದ ದಾರಿ ಒಂದಿದೆ. ದಿನಸಿ ಅಂಗಡಿಗಳ ಹೊರಗೆ ಪಂಜರದಲ್ಲಿಟ್ಟು ಮಾರುತ್ತಾರಲ್ಲ, ಖಾಲಿ ಕೊಟ್ಟು ತುಂಬಿದ್ದು ಒಯ್ಯುವ ಸಿಲಿಂಡರು, ಅಲ್ಲಿ ಹಳೆಯದನ್ನು ಕೊಟ್ಟು ಅವಧಿ ಇರುವುದನ್ನು ತೆಗೆದುಕೊಳ್ಳಿ. ಇದು 20ರ ಅಳತೆಗಷ್ಟೇ ಇರುವ ಅನುಕೂಲ. ಆ ಪಂಜರಗಳಲ್ಲಿ 30ರದ್ದು ಸಿಗುವುದಿಲ್ಲ. ಅದನ್ನು ಪಂಪ್ ಇರುವ ಕಡೆಗೇ ಒಯ್ದು ತುಂಬಿಸಬೇಕು, ರಾತ್ರಿ ಹೊತ್ತು, ಭಾನುವಾರ ಆ ಪಂಪಿನ ಮುಂದೆ ಆಳಿರುತ್ತಾನೆಂಬ ಖಾತರಿಯಿಲ್ಲ.

ಆದರೆ ಪಂಜರದ ಸಿಲಿಂಡರಿನಲ್ಲಿ ಒಂದು ಚಮತ್ಕಾರ ಇದೆ. 20 ಪೌಂಡ್ ಹಿಡಿಯುವ ಟ್ಯಾಂಕಿನಲ್ಲಿ ಹೆಚ್ಚಿನ ಕಡೆ 15 ಪೌಂಡನ್ನಷ್ಟೇ ತುಂಬಿರುತ್ತಾರೆ. ಮೈಮೇಲಿನ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಮೋಸವೆನ್ನುವಂತಿಲ್ಲ. ನಿಮ್ಮ ಲೆಕ್ಕದಲ್ಲಿ ಎರಡು ಟ್ಯಾಂಕಿಗೆ 10 ಪೌಂಡ್ ಖೋತಾ, ಒಂದು ದಿನಕ್ಕಿಂತ ಹೆಚ್ಚಿನ ಗ್ಯಾಸ್. ಹಾಗಾಗಿ ಬದಲಾಯಿಸಿಕೊಂಡ ಟ್ಯಾಂಕುಗಳನ್ನು ಟ್ರೇಲರಿಗೆ ಕೂರಿಸಿ, ಹೊರಡುವ ಮುನ್ನಾದಿನ ಟ್ರೇಲರ್ ಸಮೇತ ಪಂಪಿಗೆ ಹೋಗಿ ಪೂರ್ತಿ ತುಂಬಿಸಿ. ಪೂರ್ತಿ ಎಂದರೆ ಒಳಜಾಗದ ಶೇಕಡಾ 80, ಸುಮಾರು 4.7 ಗ್ಯಾಲನ್. ಉಳಿದ ಜಾಗ ಬಿಸಿಲಿಗೆ ಗ್ಯಾಸ್ ಹಿಗ್ಗುವುದಕ್ಕೆ. ಅಲ್ಲಿ ಎತ್ತುವ ಇಳಿಸುವ ಕೆಲಸ ಪಂಪಿನವರದು. ಪ್ರವಾಸದಲ್ಲಿ ನಿಮ್ಮ ಕೈಗೆ ಬರುವುದು ನಡುವಿನ ಆ ಒಂದೇ ಸಲ. ಖಾಲಿ ಟ್ಯಾಂಕನ್ನು ಇಳಿಸುವುದು, ತುಂಬಿದ್ದನ್ನು ಏರಿಸುವುದು. ಎಸ್‌ಯುವಿಯಲ್ಲಿ ಒಯ್ಯುವಾಗ ನೆಟ್ಟಗೆ ನಿಲ್ಲಿಸಿ ಕಟ್ಟಿ, ಬಾಯಿಗೆ ಬಿರಡೆ ಹಾಕಿ, ಕಿಟಕಿ ತುಸು ಇಳಿಸಿ. ತಂದ ಕೂಡಲೇ ಹೊರಗೆ ತೆಗೆಯಿರಿ. ಮೂರನೆಯದೊಂದು ಟ್ಯಾಂಕನ್ನು ಹೆಚ್ಚುವರಿಯಾಗಿ ಟ್ರೇಲರಿನ ಒಳಗಿಟ್ಟುಕೊಂಡು ಹೋಗುವ ಯೋಚನೆ ಯಾರಿಗಾದರೂ ಬಂದರೆ ಒಪ್ಪಬೇಡಿ.

ಎರಡು ಟ್ಯಾಂಕುಗಳ ನಡುವೆ ಒಂದು ರೆಗ್ಯುಲೇಟರ್ ಇದೆಯಲ್ಲ, ಅದು ತಾನೇ ಬದಲಾಯಿಸುವ ಬಗೆಯದೇ ನೋಡಿ. ಹಾಗಿದ್ದರೆ ಒಂದು ಮುಗಿದಾಗ ಇನ್ನೊಂದರಿಂದ ಗ್ಯಾಸ್ ಎಳೆದುಕೊಳ್ಳುತ್ತದೆ, ಕಿಂಡಿಯ ಬಣ್ಣ ಕೆಂಪಾಗುತ್ತದೆ. ದಿನಕ್ಕೆರಡು ಸಲ ಆ ಕಿಂಡಿ ನೋಡುವ ಕೆಲಸವನ್ನು ಮಗಳಿಗೆ ವಹಿಸಿ. ಕೆಂಪು ಕಂಡ ದಿನವೇ ಖಾಲಿಯನ್ನು ತೆಗೆದು ವೆಸ್ಟ್ ಯೆಲ್ಲೋಸ್ಟೋನಿಗೆ ಒಯ್ಯಿರಿ, ನಾಳೆ ಎನ್ನಬೇಡಿ. ನನ್ನ ಲೆಕ್ಕದಂತೆ ಅದು ಮೂರನೆಯ ದಿನ.

30 ಪೌಂಡಿನ ಟ್ಯಾಂಕೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಚಳಿಗಾಲವಿಡೀ ಟ್ರೇಲರಿನಲ್ಲೇ ಇರುವವರಿಗೆ, ಊರಿನಿಂದ ಗಂಟೆಗಟ್ಟಲೆ ದೂರದ ಬಯಲಿನಲ್ಲಿ ಬೀಡುಬಿಡುವವರಿಗೆ, ಗಟ್ಟಿ ಪಿಕಪ್ ಟ್ರಕ್ ಇರುವವರಿಗೆ ಅದೇ ಸರಿ. ಕಡು ಚಳಿಯಲ್ಲಿ ದೊಡ್ಡ ಟ್ಯಾಂಕಿನಲ್ಲಿ ಗ್ಯಾಸ್ ಆವಿಯಾಗುವುದೂ ಸಲೀಸು. ಮುಂದೆ ಗಾಡಿ ಬದಲಾಯಿಸಿದಾಗ, ಬೆನ್ನು ವಾಸಿಯಾದಾಗ ಮತ್ತೆ ಯೋಚಿಸಬಹುದು.

ಯಜಮಾನರಿಗೆ ಹೇಗೆ ಹೇಳುವುದು? ಬೆನ್ನಿನ ಮಾತನ್ನು ಎತ್ತಬೇಡಿ. ಕ್ಯಾಟಲಾಗನ್ನು ಮುಂದಿಟ್ಟು 360ಕ್ಕೆ 74 ಕೂಡಿಸಲು ಅವರಿಗೇ ಕೊಡಿ. ಟ್ರೇಲರ್ ಎಳೆಯುವವರು ಅವರು, ಹಿಚ್ಚಿನ ಲೆಕ್ಕ ಅವರದೇ. ಬ್ಯಾಟರಿ ಆರಿಸುವ ಕೆಲಸವನ್ನೂ ಅವರಿಗೇ ಬಿಡಿ. ಭಾರ ಎತ್ತದೆ ಮಾಡಬಹುದಾದ, ತಲೆ ಓಡಿಸಬೇಕಾದ ಕೆಲಸ ಅದು. ಆದರೆ ಅತ್ತೆ ಮಾವನ ವಿಷಯದಲ್ಲಿ ಮುಚ್ಚುಮರೆ ಬೇಡ. ಮಗ ಕೈಕಟ್ಟಿ ನಿಂತು ಸೊಸೆ ಸಿಲಿಂಡರ್ ಎತ್ತುವುದನ್ನು ಕ್ಯಾಂಪಿನಲ್ಲಿ ಅವರು ಮೊದಲ ಸಲ ಕಂಡರೆ ಮಾವನವರು ತಾವೇ ಎತ್ತಲು ಮುಂದಾಗುತ್ತಾರೆ, ನೋಡುತ್ತಿರಿ. ಆ ವಯಸ್ಸಿನಲ್ಲಿ ಅದು ಇನ್ನೂ ದೊಡ್ಡ ಫಜೀತಿ. ಈ ಕೆಲಸ ನಿಮ್ಮದು ಎಂದು ಮನೆಯಲ್ಲೇ, ಊಟದ ಹೊತ್ತಿನಲ್ಲಿ ಸಹಜವಾಗಿ ಹೇಳಿಬಿಡಿ. ಹೇಳುವವರು ನಿಮ್ಮ ಯಜಮಾನರಾದರೆ ಇನ್ನೂ ಒಳ್ಳೆಯದು.

ಅತ್ತೆಯವರ ಭಯಕ್ಕೆ ಆಧಾರವಿಲ್ಲದಿಲ್ಲ, ನಕ್ಕು ತೇಲಿಸಬೇಡಿ. ಟ್ಯಾಂಕುಗಳು ಹೊರಗಿವೆ ಎಂದು ತೋರಿಸಿ. ಪ್ರೋಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಹರಡುತ್ತದೆ. ಅದಕ್ಕೇ ಗ್ಯಾಸ್ ಅಲಾರಂ ಅನ್ನು ನೆಲದ ಹತ್ತಿರ ಕೂರಿಸಿರುತ್ತಾರೆ. ಅದರ ಆಯುಸ್ಸು ಐದರಿಂದ ಏಳು ವರ್ಷ. ನಿಮ್ಮ ಟ್ರೇಲರಿನದು 2013ರದೇ ಆಗಿದ್ದರೆ ಈ ವಾರವೇ ಕಿತ್ತು ಹೊಸದು ಹಾಕಿಸಿ, ಕಾರ್ಬನ್ ಮೊನಾಕ್ಸೈಡ್ ಅಲಾರಮ್ಮನ್ನೂ ಹಾಗೆಯೇ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಅವರೆದುರೇ ಪರೀಕ್ಷಿಸಿ. ಗಾಡಿ ಓಡುವಾಗ ಎರಡೂ ಟ್ಯಾಂಕಿನ ವಾಲ್ವ್ ಮುಚ್ಚಿರಲಿ, ಬಾಗಿಲು ತೆರೆಯದಿದ್ದರೆ ಫ್ರಿಜ್ ಕೆಲವು ಗಂಟೆ ತಂಪಾಗಿಯೇ ಇರುತ್ತದೆ. ಚಳಿ ಎಂದು ಯಾರೂ ಒಲೆ ಹಚ್ಚಿ ಮೈ ಕಾಯಿಸಬಾರದು, ಇದರಲ್ಲಿ ರಿಯಾಯಿತಿ ಇಲ್ಲ. ಬದಲಿಗೆ ಒಳ್ಳೆಯ ರಜಾಯಿ ಒಯ್ಯಿರಿ. ರಜಾಯಿ ಇದ್ದರೆ ರಾತ್ರಿ ಫರ್ನೇಸನ್ನು 62 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಬಹುದು, ಗ್ಯಾಸೂ ಬ್ಯಾಟರಿಯೂ ಉಳಿಯುತ್ತವೆ.

ನನ್ನ 9 ಪೌಂಡಿನ ಲೆಕ್ಕ ಅಂದಾಜಿನದು. ನಿಮ್ಮ ಟ್ರೇಲರಿನ ಕಿಟಕಿ ಎಷ್ಟು ಸೋರುತ್ತದೋ, ನಿಮ್ಮ ಮನೆಯವರಿಗೆ ಎಷ್ಟು ಬಿಸಿ ಬೇಕೋ, ಇಲ್ಲಿ ಕೂತು ಹೇಳಲಾರೆ. ಆಗಸ್ಟಿನಲ್ಲಿ ನಿಮ್ಮ ಮನೆಯಂಗಳದಲ್ಲಿ ಫರ್ನೇಸ್ ಹಚ್ಚುವ ಚಳಿ ಇರುವುದಿಲ್ಲ. ಎಸ್ಟೆಸ್ ಪಾರ್ಕಿನ ಕಡೆ ಗುಡ್ಡದ ಮೇಲೆ ಒಂದು ರಾತ್ರಿ ಎಲ್ಲರೂ ಇದ್ದು ಬನ್ನಿ. ಹೊರಡುವ ಮೊದಲು ಎರಡೂ ಟ್ಯಾಂಕನ್ನು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಇಟ್ಟು ಬರೆದುಕೊಳ್ಳಿ, ಬಂದಮೇಲೆ ಮತ್ತೆ ಇಡಿ. ಬಳೆಯ ಮೇಲೆ ಟಿಡಬ್ಲ್ಯೂ ಎಂಬ ಅಕ್ಷರದ ಪಕ್ಕ ಇರುವ ಅಂಕಿ ಖಾಲಿ ಟ್ಯಾಂಕಿನ ತೂಕ, ಅದನ್ನು ಕಳೆದರೆ ಉಳಿದ ಗ್ಯಾಸ್ ಗೊತ್ತಾಗುತ್ತದೆ. ಆ ಒಂದು ದಿನದ ಖರ್ಚು 12 ಪೌಂಡ್ ದಾಟಿದರೆ ವೆಸ್ಟ್ ಯೆಲ್ಲೋಸ್ಟೋನಿಗೆ ಒಂದು ಸಲ ಸಾಲದು, ಎರಡು ಸಲ ಹೋಗಬೇಕಾಗುತ್ತದೆ. ಆಗಲೂ 20ರ ಟ್ಯಾಂಕನ್ನೇ ಒಯ್ಯಿರಿ.